ಎಮಲ್ಷನ್‌ಗೆ ಎಷ್ಟು ಬೆಳಕು ಬೇಕು?

ಕೇಳುಗರಿಗೆಲ್ಲ ನಮಸ್ಕಾರ.

ಈಗ ಆಟಿ, ತುಳುನಾಡಿನ ಮಳೆಗಾಲದ ತಿಂಗಳು. ಮದುವೆಗಳಿಲ್ಲ. ಆದರೆ ಮುಂದಿನ ತಿಂಗಳು ಸೋಣ ಬಂತೆಂದರೆ ಮದುವೆ ಕಾಗದಕ್ಕೆ ಜನ ಬಂದೇ ಬರುತ್ತಾರೆ. ಉಡುಪಿಯಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಮಾಡುವ ನಮಗೆ ಸ್ಕ್ರೀನ್ ಕೈಕೊಡುವುದು ಈ ಮಳೆಯಲ್ಲೇ.

ಸ್ಕ್ರೀನ್ ಅಂದರೆ ಫ್ರೇಮಿಗೆ ಬಿಗಿದ ಜಾಲರಿ ಬಟ್ಟೆ. ಎಮಲ್ಷನ್ ಅಂದರೆ ಅದಕ್ಕೆ ಬಳಿಯುವ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಅಂಟು. ಫಿಲ್ಮಿನ ಕಪ್ಪು ಅಕ್ಷರ ಅಡ್ಡ ಬಂದಲ್ಲಿ ಅದು ಮೆತ್ತಗೆ ಉಳಿದು, ನೀರು ಹಾಕಿದಾಗ ಕರಗಿ ಹೋಗುತ್ತದೆ. ಶಾಯಿ ಇಳಿಯುವುದು ಆ ದಾರಿಯಲ್ಲೇ.

ನನ್ನ ಮೊದಲ ಮಳೆಗಾಲದ ಮಾತು. ತೊಳೆಯುವಾಗ ಅಂಟು ಲೋಳೆಯಾಗಿ ಜಾರುತ್ತಿತ್ತು. ಬೆಳಕು ಸಾಲಲಿಲ್ಲ ಅಂದುಕೊಂಡು ನಿಮಿಷ ಏರಿಸುತ್ತಾ ಹೋದೆ. ಜಾರುವುದು ಕಡಿಮೆಯಾಯಿತು. ಆದರೆ ‘ವಧು’ವಿನಲ್ಲಿ ‘ಧ’ದ ಅಡಿಯ ಸಣ್ಣ ಗೆರೆ ಮುಚ್ಚಿ ‘ವದು’ ಅಂತ ಅಚ್ಚಾಯಿತು. ಹುಡುಗಿಯ ಅಪ್ಪ ಆ ಅಕ್ಷರದ ಮೇಲೆ ಬೆರಳಿಟ್ಟು ತೋರಿಸಿದರು. ಕಾಗದ ಪೂರ್ತಿ ಮತ್ತೆ ಮಾಡಿಕೊಟ್ಟೆ.

ತಪ್ಪಿದ್ದದ್ದು ಬೆಳಕಿನಲ್ಲಲ್ಲ, ಒಣಗಿಸುವುದರಲ್ಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮುಟ್ಟಿದರೆ ಒಣಗಿದ ಹಾಗೆ ಇರುತ್ತದೆ, ಒಳಗೆ ತೇವ ಉಳಿದಿರುತ್ತದೆ. ತೇವ ಇದ್ದರೆ ಎಮಲ್ಷನ್ ಎಷ್ಟು ಬೆಳಕು ಕೊಟ್ಟರೂ ಸರಿಯಾಗಿ ಗಟ್ಟಿಯಾಗುವುದಿಲ್ಲ. ಸುಮ್ನೆ ಫ್ಯಾನ್ ಹಾಕಿದರೆ ಅದೇ ಒದ್ದೆ ಗಾಳಿ ಸುತ್ತುತ್ತದೆ, ಅಲ್ವಾ? ಕತ್ತಲೆ ಕೋಣೆಯ ಬಾಗಿಲು ಮುಚ್ಚಿ, ಗಾಳಿಯ ತೇವ ಹೀರುವ ಯಂತ್ರ ಇಟ್ಟು, ಫ್ರೇಮನ್ನು ಅಚ್ಚಾಗುವ ಬದಿ ಕೆಳಗೆ ಮಾಡಿ ರಾತ್ರಿಯಿಡೀ ಬಿಡಿ. ಬಿಸಿ ಕೊಡುವುದಾದರೆ 40 ಡಿಗ್ರಿ ಮೀರಬಾರದು.

ಆಮೇಲೆ ನಿಮಿಷದ ಲೆಕ್ಕ. ಪಕ್ಕದ ಅಂಗಡಿಯವರ ಲೆಕ್ಕ ನಿಮಗಾಗದು. ಬಿಳಿ ಬಟ್ಟೆಗಿಂತ ಹಳದಿ ಬಟ್ಟೆಗೆ ಜಾಸ್ತಿ ಹೊತ್ತು ಬೇಕು. ಎಮಲ್ಷನ್ ದಪ್ಪವಾದರೂ ಹಾಗೆಯೇ. ಒಂದೇ ಬಲ್ಬ್ ಇದ್ದು, ಅದರ ದೂರ ಎರಡರಷ್ಟಾದರೆ ಸಮಯ ನಾಲ್ಕರಷ್ಟು.

ಹಾಗಾಗಿ ಒಂದು ಫ್ರೇಮನ್ನು ಪರೀಕ್ಷೆಗೇ ಮೀಸಲಿಡಿ. ‘ಧ’, ‘ಶ್ರೀ’, ಸಣ್ಣ ಒತ್ತಕ್ಷರ ಇರುವ ಒಂದೇ ಸಾಲನ್ನು ಫಿಲ್ಮಿನಲ್ಲಿ ಐದು ಸಲ ಹಾಕಿಸಿ. ಮೊದಲು ಪೂರ್ತಿ ಒಂದು ನಿಮಿಷ ಬೆಳಕು. ಮತ್ತೆ ನಿಮಿಷಕ್ಕೊಂದು ಸಾಲನ್ನು ಕಪ್ಪು ರಟ್ಟಿನಿಂದ ಮುಚ್ಚುತ್ತಾ ಬನ್ನಿ. ಕೊನೆಯ ಸಾಲಿಗೆ ಐದು ನಿಮಿಷ ಸಿಕ್ಕಿರುತ್ತದೆ. ಡಯಾಜೋ ಎಂಬ, ಬೆಳಕಿಗೆ ಸ್ಪಂದಿಸುವ ರಾಸಾಯನಿಕ ಬೆರೆಸಿದ ಎಮಲ್ಷನ್ ಆದರೆ ಅದರ ಹಳದಿ ಬಣ್ಣ ಪಟ್ಟಿಯಿಂದ ಪಟ್ಟಿಗೆ ತಿಳಿಯಾಗುತ್ತದೆ. ಯಾವ ಪಟ್ಟಿಯಿಂದ ಮುಂದೆ ಬಣ್ಣ ಮತ್ತಷ್ಟು ತಿಳಿಯಾಗುವುದಿಲ್ಲ ನೋಡಿ. ತೊಳೆದ ಮೇಲೆ ಸ್ಕ್ವೀಜಿ, ಅಂದರೆ ಶಾಯಿ ಒತ್ತುವ ರಬ್ಬರ್ ಪಟ್ಟಿ, ಎಳೆಯುವ ಬದಿಯನ್ನು ಬೆರಳಿನಿಂದ ಸವರಿ. ಲೋಳೆ ಇರಬಾರದು, ‘ಧ’ದ ಗೆರೆಯೂ ತೆರೆದಿರಬೇಕು. ಎರಡೂ ಸಿಕ್ಕ ಪಟ್ಟಿಯೇ ನಿಮ್ಮ ಸಮಯ.

ಟ್ಯೂಬ್ ಹಳೆಯದಾದಂತೆ ಬೆಳಕು ಕುಗ್ಗುತ್ತದೆ. ಅದಕ್ಕೇ ಪರೀಕ್ಷೆ ಮಾಡಿದ ತಾರೀಕು, ಸಿಕ್ಕ ನಿಮಿಷ ಎರಡನ್ನೂ ನಾನು ಬೆಳಕು ಕೊಡುವ ಎಕ್ಸ್‌ಪೋಸಿಂಗ್ ಪೆಟ್ಟಿಗೆಯ ಬದಿಗೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ.

ನಮಸ್ಕಾರ.