ತಂತಿಗೆ ಚುಚ್ಚಿದ ಕಾಗದ, ಹರಾಜಿಗೆ ಬಂದ ಕಾಗದ

ನಮಸ್ಕಾರ. ನಿಮ್ಮ ಪೈಕಿ ಎಷ್ಟು ಜನರ ಮನೆಯಲ್ಲಿ ಕಾಗದ ಚುಚ್ಚುವ ತಂತಿ ಇತ್ತು? ಕೆಳಗೊಂದು ಮರದ ಬಿಲ್ಲೆ, ಮೇಲೊಂದು ಕೊಕ್ಕೆ, ನಡುಮನೆಯ ಮೊಳೆಗೆ ನೇತುಹಾಕಿದ್ದು. ಕೈ ಎತ್ತಿದವರಲ್ಲಿ ತಲೆ ಬೆಳ್ಳಗಾದವರೇ ಜಾಸ್ತಿ, ಇರಲಿ. ನಮ್ಮಜ್ಜ ಬಂದ ಕಾಗದ ಓದಿ, ಉತ್ತರ ಬರೆದು, ಸರಿಯಾಗಿ ನಡುಮಧ್ಯಕ್ಕೆ ಚುಚ್ಚಿ ಇಳಿಸಿಬಿಡುತ್ತಿದ್ದರು. ಹೆಣ್ಣು ನೋಡಲು ಬರುವ ವಿಷಯ, ಅಡಿಕೆ ಧಾರಣೆ, ಸಾಲದ ನೆನಪು, ಎಲ್ಲವೂ ಒಂದರ ಮೇಲೊಂದು. ಸಾವಿನ ಸುದ್ದಿ ತಂದ ಕಾರ್ಡು ಮಾತ್ರ ಆ ತಂತಿಯಲ್ಲಿ ಸಿಗುವುದಿಲ್ಲ. ಅದನ್ನು ಜಗಲಿಯಲ್ಲೇ ಓದಿ ಹರಿದು ಹಾಕುತ್ತಿದ್ದರು, ಒಳಗೆ ತರುತ್ತಿರಲಿಲ್ಲ. ಹಾಗಾಗಿ ಆ ತಂತಿಯನ್ನು ಈಗ ಓದಿದರೆ ನಮ್ಮ ವಂಶದಲ್ಲಿ ಯಾರೂ ಸತ್ತೇ ಇಲ್ಲ!

ದೊಡ್ಡವರ ಪತ್ರಗಳ ಸಂಗ್ರಹ, ಮಾರಾಟ ಇವತ್ತಿನ ವಿಷಯ. ಇದರಲ್ಲಿ ಎಲ್ಲರೂ ಬರೆದವರನ್ನು ನೋಡುತ್ತಾರೆ. ನಾನು ಇಟ್ಟುಕೊಂಡವರನ್ನು ನೋಡಿ ಅನ್ನುತ್ತೇನೆ. ಏನು ಉಳಿಯಬೇಕು, ಏನು ಹರಿಯಬೇಕು ಎಂದು ತೀರ್ಮಾನಿಸಿದವರು ಅವರೇ.

ಹರ್ಮನ್ ಕಾಲೆನ್‌ಬಾಕ್ ಹೆಸರು ಕೇಳಿರುತ್ತೀರಿ. ಜೋಹಾನ್ಸ್‌ಬರ್ಗ್‌ನ ವಾಸ್ತುಶಿಲ್ಪಿ, ಗಾಂಧೀಜಿಯ ಆಪ್ತ. 1910ರಲ್ಲಿ ಸತ್ಯಾಗ್ರಹಿಗಳು ಇರಲೆಂದು ತನ್ನ 1,100 ಎಕರೆ ಜಮೀನು ಬಿಟ್ಟುಕೊಟ್ಟ ಮನುಷ್ಯ. ಅದೇ ಟಾಲ್‌ಸ್ಟಾಯ್ ಫಾರ್ಮ್. ಗಾಂಧೀಜಿ ಬರೆದ ಕಾಗದಗಳನ್ನೆಲ್ಲ ಆತ ಜೋಪಾನ ಮಾಡಿದ. ಆತ ಬರೆದವನ್ನು ಗಾಂಧೀಜಿ ನಾಶಮಾಡಿದರು, ಅದೂ ಆತನ ಇಷ್ಟದಂತೆಯೇ. ಉಳಿದದ್ದು ಅರ್ಧ ಸಂಭಾಷಣೆ. ಫೋನಿನಲ್ಲಿ ಮಾತಾಡುವವರ ಪಕ್ಕ ಕೂತು ಕೇಳಿಸಿಕೊಂಡ ಹಾಗೆ.

2012ರಲ್ಲಿ ಈ ಸಂಗ್ರಹ ಲಂಡನ್ನಿನ ಸದಬೀಸ್‌ನಲ್ಲಿ ಹರಾಜಿಗೆ ಬಂತು. 5ರಿಂದ 7 ಲಕ್ಷ ಪೌಂಡ್ ಎಂದು ಅಂದಾಜು ಕಟ್ಟಿದ್ದರು. ಸುತ್ತಿಗೆ ಬೀಳುವ ಮೊದಲೇ ಭಾರತ ಸರ್ಕಾರ ಮಾತುಕತೆ ನಡೆಸಿ ಕೊಂಡುಕೊಂಡಿತು. ಈಗ ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಈ ಸ್ನೇಹಿತರಿಬ್ಬರೂ ತಮಾಷೆಗೆ ಪಾರ್ಲಿಮೆಂಟಿನ ಮನೆಗಳಾಗಿದ್ದರು: ಗಾಂಧೀಜಿ ‘ಅಪ್ಪರ್ ಹೌಸ್’, ಕಾಲೆನ್‌ಬಾಕ್ ‘ಲೋಯರ್ ಹೌಸ್’. ಎಷ್ಟೋ ಕಾಗದಗಳ ಕೊನೆಗೆ ಇರುವುದು ಆ ಅಡ್ಡಹೆಸರೇ. ಬರೀ ‘ಎಂ. ಕೆ. ಗಾಂಧಿ’ ಎಂಬ ಸಹಿ ಹುಡುಕುವವನ ಕೈಗೆ ಅಂಥದೊಂದು ಹಾಳೆ ಬಿದ್ದಿದ್ದರೆ? ಗುಜರಿಗೇ ಹೋಗುತ್ತಿತ್ತು.

ಸಹಿಯ ಮಾತು ಬಂತು. ಗಾಂಧೀಜಿ ಸಹಿಗೆ ಹರಿಜನ ನಿಧಿಗೆಂದು 5 ರೂಪಾಯಿ ವಸೂಲಿ ಮಾಡುತ್ತಿದ್ದರು. ಅವರೇ ರೇಟು ನಿಗದಿ ಮಾಡಿದ್ದಾರೆ ನೋಡಿ! ಮಾರುಕಟ್ಟೆಯಲ್ಲೂ ಲೆಕ್ಕ ಹಾಗೇ. ಬರೀ ಸಹಿಗೆ ಒಂದು ಬೆಲೆ, ಬೇರೆಯವರು ಬರೆದು ಅವರು ಸಹಿ ಹಾಕಿದ್ದಕ್ಕೆ ಇನ್ನೊಂದು, ಪೂರ್ತಿ ಅವರದೇ ಕೈಬರಹವಾದರೆ ಮತ್ತೊಂದು. ಎಲ್ಲಕ್ಕಿಂತ ಮೇಲೆ, ಒಳಗೆ ಏನಿದೆ ಎನ್ನುವುದು. ‘ಕ್ಷೇಮ, ಕ್ಷೇಮಕ್ಕೆ ಬರೆಯಿರಿ’ ಅಂತಿದ್ದರೆ ಯಾರು ಬರೆದರೂ ಅಷ್ಟಕ್ಕಷ್ಟೇ.

ಡಿಎನ್‌ಎ ರಚನೆ ಕಂಡುಹಿಡಿದ ವಿಜ್ಞಾನಿಗಳಲ್ಲಿ ಒಬ್ಬನಾದ ಫ್ರಾನ್ಸಿಸ್ ಕ್ರಿಕ್ 1953ರ ಮಾರ್ಚ್ 19ರಂದು ಬೋರ್ಡಿಂಗ್ ಶಾಲೆಯಲ್ಲಿದ್ದ 12 ವರ್ಷದ ಮಗ ಮೈಕೆಲ್‌ಗೆ ಏಳು ಪುಟದ ಕಾಗದ ಬರೆದ. ಡಿಎನ್‌ಎ ರಚನೆ ಹೇಗಿದೆ ಎಂದು ಚಿತ್ರ ಬರೆದು ಮಗುವಿಗೆ ತಿಳಿಯುವ ಹಾಗೆ ವಿವರಿಸಿದ. ವಿಜ್ಞಾನ ಲೋಕಕ್ಕೆ ಅದು ಅಚ್ಚಿನಲ್ಲಿ ಗೊತ್ತಾದದ್ದು ಏಪ್ರಿಲ್ 25ಕ್ಕೆ! ಆ ಹುಡುಗ ಕಾಗದ ಇಟ್ಟುಕೊಂಡಿದ್ದ. 2013ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್‌ನಲ್ಲಿ 60 ಲಕ್ಷ ಡಾಲರ್ ದಾಟಿತು. ಮರುದಿನವೇ ಇನ್ನೊಂದು ಹರಾಜಿನಲ್ಲಿ ಕ್ರಿಕ್‌ನ ನೊಬೆಲ್ ಪದಕ ಮಾರಾಟವಾಯಿತು, ಸುಮಾರು 22 ಲಕ್ಷ 70 ಸಾವಿರ ಡಾಲರಿಗೆ. ಮಗನಿಗೆ ಬರೆದ ಕಾಗದ ಅಪ್ಪನ ಬಂಗಾರದ ಪದಕವನ್ನು ಮೀರಿಸಿತು.

ದುಡ್ಡು ಇದ್ದಲ್ಲಿ ಕಳ್ಳರೂ ಇರುತ್ತಾರೆ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಮಿಷೆಲ್ ಶಾಲ್ ಎಂಬ ಗಣಿತಜ್ಞ ಇದ್ದ. ಸಾಮಾನ್ಯನಲ್ಲ, ರೇಖಾಗಣಿತದಲ್ಲಿ ದೊಡ್ಡ ಹೆಸರು. ವ್ರೆನ್-ಲ್ಯೂಕಾ ಎಂಬಾತ ಅವನಿಗೆ ಸಾವಿರಾರು ನಕಲಿ ಕಾಗದ ಮಾರಿದ. ಸೀಸರನಿಗೆ ಕ್ಲಿಯೋಪಾತ್ರ ಬರೆದದ್ದು, ಏಸುವಿನ ಶಿಷ್ಯೆ ಮಗ್ದಲದ ಮರಿಯಳು ಬರೆದದ್ದು, ಎಲ್ಲವೂ ಸೊಗಸಾದ ಫ್ರೆಂಚಿನಲ್ಲಿ! ಲೆಕ್ಕದಲ್ಲಿ ಒಂದು ಸೊನ್ನೆ ತಪ್ಪಿದರೆ ಹಿಡಿಯುವ ಮನುಷ್ಯನಿಗೆ ಇದು ಕಾಣಲಿಲ್ಲ. ಗುರುತ್ವಾಕರ್ಷಣೆಯನ್ನು ನ್ಯೂಟನ್‌ಗಿಂತ ಮೊದಲು ನಮ್ಮ ಫ್ರಾನ್ಸಿನ ಪಾಸ್ಕಲ್ ಕಂಡುಹಿಡಿದ ಎಂದು 1867ರಲ್ಲಿ ಆ ಕಾಗದಗಳನ್ನೇ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. 1870ರಲ್ಲಿ ವ್ರೆನ್-ಲ್ಯೂಕಾ ಜೈಲಿಗೆ ಹೋದ. ನನಗೆ ಶಾಲ್ ಮೇಲೆ ಸಿಟ್ಟಿಲ್ಲ, ಕನಿಕರ. ದೇಶಾಭಿಮಾನ ಕಣ್ಣಿಗೆ ಪೊರೆ ಕಟ್ಟಿದಾಗ ಅಜ್ಜಿಯ ಕನ್ನಡಕವೂ ಕೆಲಸಕ್ಕೆ ಬರುವುದಿಲ್ಲ.

ಈಗ ಹಿಡಿಯುವ ದಾರಿಗಳಿವೆ. ಭೂತಗನ್ನಡಿಯಲ್ಲಿ ನೋಡಿದರೆ ನೋಡಿ ನಕಲು ಮಾಡಿದ ಅಕ್ಷರ ನಡುಗಿರುತ್ತದೆ. ಸಹಜ ಬರಹಕ್ಕೆ ಓಟ ಇರುತ್ತದೆ. 1983ರಲ್ಲಿ ಜರ್ಮನಿಯಲ್ಲಿ ಸದ್ದು ಮಾಡಿದ ಹಿಟ್ಲರನ ನಕಲಿ ಡೈರಿಗಳು ಸಿಕ್ಕಿಬಿದ್ದದ್ದು ಕಾಗದದಿಂದಲೇ. ಯುದ್ಧ ಮುಗಿದ ಮೇಲೆ ಬಳಕೆಗೆ ಬಂದ, ಹಾಳೆ ಬಿಳುಪಾಗಿಸುವ ರಾಸಾಯನಿಕ ಅದರಲ್ಲಿತ್ತು. ಅದು ನೇರಳಾತೀತ ಬೆಳಕಿಗೆ ಹೊಳೆಯುತ್ತದೆ. ಆದರೆ ಅಕ್ಷರ ಹೊಂದಲಿಲ್ಲ ಎಂದ ಮಾತ್ರಕ್ಕೆ ಖೋಟಾ ಅನ್ನುವ ಹಾಗೂ ಇಲ್ಲ. ಗಾಂಧೀಜಿ ಎರಡೂ ಕೈಯಲ್ಲಿ ಬರೆಯುತ್ತಿದ್ದರು. 1909ರಲ್ಲಿ ಹಡಗಿನಲ್ಲಿ ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತು ಸುಮಾರು 40 ಪುಟ ಎಡಗೈಯಲ್ಲೇ ಮುಗಿಸಿದರು. ಒಬ್ಬರೇ ಮನುಷ್ಯ, ಎರಡು ಕೈಬರಹ.

ಕೊನೆಗೆ ನಂಬಿಕೆ ಬರುವುದು ಕಾಗದ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಸರಪಳಿಯಿಂದ. ಲಕೋಟೆ, ಅಂಚೆ ಮುದ್ರೆ ಎಲ್ಲ ಸಾಕ್ಷಿ. ದಯವಿಟ್ಟು ಸ್ಟಾಂಪಿನ ಆಸೆಗೆ ಲಕೋಟೆ ಕತ್ತರಿಸಬೇಡಿ. 1927ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ನಂದಿ ಬೆಟ್ಟದಲ್ಲಿದ್ದ ಗಾಂಧೀಜಿ ಅಲ್ಲಿಂದಲೂ ಕಾಗದ ಬರೆದರು. ಅಂಥದಕ್ಕೆ ಆ ಊರಿನ ಹೆಸರೂ ತಾರೀಖೂ ಅರ್ಧ ಪ್ರಾಣ.

ಕಾನೂನು ಎರಡು ಮಾತಿನಲ್ಲಿ ಹೇಳುತ್ತೇನೆ. 1972ರ ಪ್ರಾಚ್ಯವಸ್ತು ಕಾಯಿದೆಯಲ್ಲಿ ಶಿಲ್ಪ, ಚಿತ್ರಗಳಿಗೆ 100 ವರ್ಷದ ಗೆರೆ. ಚಾರಿತ್ರಿಕ ಮಹತ್ವದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷ. ಅಂದರೆ 1947ರ ಕಾಗದಗಳೂ ಗೆರೆ ದಾಟಿವೆ. ಅವನ್ನು ನಮ್ಮ ನಿಮ್ಮಂಥವರು ದೇಶದಾಚೆ ಕಳಿಸುವಂತಿಲ್ಲ, ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಇನ್ನೊಂದು, ಹಾಳೆ ನಿಮ್ಮದಾದರೂ ಮಾತು ನಿಮ್ಮದಲ್ಲ. ಅಚ್ಚು ಹಾಕಿಸುವ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು.

ಇಷ್ಟು ಉಪದೇಶ ಮಾಡುವ ನಾನು ಮಾಡಿದ ಘನಕಾರ್ಯ ಕೇಳಿ. ಅಜ್ಜನ ತಂತಿಯಲ್ಲಿ ಒಬ್ಬ ಹಿರಿಯ ಕವಿಗಳ ಕಾರ್ಡು ಸಿಕ್ಕಿತು. ಹೆಸರು ಬೇಡ. ಅಜ್ಜ ಕಳಿಸಿದ ಹಲಸಿನ ಹಪ್ಪಳ ತಲುಪಿತೆಂದು ನಾಲ್ಕು ಸಾಲು. ಖುಷಿ ತಡೆಯಲಾರದೆ ಓಡಿಹೋಗಿ ಲ್ಯಾಮಿನೇಶನ್ ಮಾಡಿಸಿದೆ! ಬಿಸಿ ರೋಲರಿನಲ್ಲಿ ಹೋಗಿ ಬಂದ ಮೇಲೆ ಶಾಯಿ ಹರಡಿ ‘ಹಪ್ಪಳ’ದ ಒತ್ತಕ್ಷರ ಮಾಯ. ಪ್ಲಾಸ್ಟಿಕ್ ಬಿಡಿಸಿದರೆ ಕಾಗದವೂ ಕಿತ್ತು ಬರುತ್ತದೆ. ಆಮೇಲೆ ತೋರಿಸಿದ ವ್ಯಾಪಾರಿ ನಡುವಿನ ತೂತಿನ ಮೇಲೆ ಬೆರಳಿಟ್ಟು, ಈ ತೂತಿದ್ದರೂ ಕೊಳ್ಳುತ್ತಿದ್ದೆ, ಈ ಪ್ಲಾಸ್ಟಿಕ್ಕಿಗೆ ಬೇಡ ಅಂದರು.

ಆ ಕಾರ್ಡನ್ನು ತಂದಿದ್ದೇನೆ. ಜೊತೆಗೆ ಲ್ಯಾಮಿನೇಶನ್ನಿನಿಂದ ಬಚಾವಾದ ಅಜ್ಜನ ಇನ್ನಷ್ಟು ಕಾಗದಗಳೂ ಈ ಮೇಜಿನ ಮೇಲಿವೆ. ಹತ್ತಿರ ಬಂದು ನೋಡಿ, ಕೈಗೂ ತೆಗೆದುಕೊಳ್ಳಿ. ಆಚೆ ಕಾಫಿ ಜೊತೆ ಬೋಂಡ ಇಟ್ಟಿದ್ದಾರಂತೆ. ತಿಂದು ಬರುವವರು ಕೈ ತೊಳೆದು, ಒರೆಸಿಕೊಂಡು ಬನ್ನಿ.