ಬಲ್ಬಿಗೆ ವೈಫೈ ಕೊಡುವ ಮುನ್ನ

ಎಲ್ಲರಿಗೂ ನಮಸ್ಕಾರ.

ಫೋನಿನ ಆ್ಯಪ್‌ನಿಂದ ನಡೆಸುವ ಬಲ್ಬು, ಪ್ಲಗ್ಗು, ಕ್ಯಾಮೆರಾ, ಪ್ರಿಂಟರ್, ಯಾವುದೇ ಇರಲಿ, ವೈಫೈಗೆ ಸೇರಲು ಸತಾಯಿಸಿದರೆ ನಾವು ಮೊದಲು ಅನುಮಾನಿಸುವುದು ಆ ಸಾಧನವನ್ನೇ. ಆದರೆ ಮೊದಲು ನೋಡಬೇಕಾದದ್ದು ರೂಟರನ್ನು, ಆಮೇಲೆ ಕೈಯಲ್ಲಿರುವ ಫೋನನ್ನು. ಮನೆಯ ನೆಟ್‌ವರ್ಕನ್ನು ಅದರಲ್ಲಿರುವ ಅತಿ ಬಡಪಾಯಿ ಸಾಧನಕ್ಕೆ ತಕ್ಕಂತೆ ಹೊಂದಿಸಿಬಿಟ್ಟರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಬಡಪಾಯಿ ಎಂದರೆ ಯಾವುದು? ಇಎಸ್‌ಪಿ8266 ಥರದ ಅಗ್ಗದ ಚಿಪ್ ಇರುವ ಬಲ್ಬು. ವೈಫೈ ಹರಿಯುವ ರೇಡಿಯೋ ಬ್ಯಾಂಡ್‌ಗಳಲ್ಲಿ ಅದಕ್ಕೆ ಗೊತ್ತಿರುವುದು 2.4 ಗಿಗಾಹರ್ಟ್ಸ್ ಒಂದೇ. ರೂಟರ್ ಎರಡೂ ಬ್ಯಾಂಡಿಗೆ ಒಂದೇ ಹೆಸರಿಟ್ಟಿದ್ದರೆ ಫೋನು ವೇಗ ಹೆಚ್ಚಿರುವ 5 ಗಿಗಾಹರ್ಟ್ಸ್‌ಗೆ ಅಂಟಿಕೊಳ್ಳುತ್ತದೆ. ಗಂಟು ಬೀಳುವುದು ಅಲ್ಲೇ.

ಯಾಕೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸೇರಿಸುವಾಗ ಬಲ್ಬು ಬೇಗಬೇಗ ಮಿಟುಕುತ್ತಿದ್ದರೆ ಸಾಮಾನ್ಯವಾಗಿ ಅದು ಸುತ್ತಲಿನ ಗಾಳಿಯಲ್ಲಿ ಹಾರಾಡುವ ಪ್ಯಾಕೆಟ್‌ಗಳಿಗೆ (ವೈಫೈನಲ್ಲಿ ಸಾಗುವ ಮಾಹಿತಿಯ ತುಣುಕುಗಳಿಗೆ) ಕಿವಿಗೊಟ್ಟು ಕೂತಿದೆ ಎಂದರ್ಥ. ಪಾಸ್‌ವರ್ಡ್ ಇನ್ನೂ ಗೊತ್ತಿಲ್ಲದ್ದರಿಂದ ಪ್ಯಾಕೆಟ್ಟಿನ ಒಳಗೇನಿದೆ ಎಂದು ಅದಕ್ಕೆ ಓದಲಾಗದು. ಉದ್ದ ಮಾತ್ರ ಕಾಣುತ್ತದೆ. ಆದ್ದರಿಂದ ಆ್ಯಪ್ ಬೇರೆಬೇರೆ ಉದ್ದದ ಪ್ಯಾಕೆಟ್‌ಗಳನ್ನು ಕಳಿಸಿ, ಆ ಉದ್ದಗಳಲ್ಲೇ ಪಾಸ್‌ವರ್ಡನ್ನು ಹೇಳುತ್ತದೆ. ಬಹಳ ಜಾಣ ಉಪಾಯ! ಆದರೆ ಫೋನು 5ರಲ್ಲಿ ಮಾತಾಡಿದರೆ ಅದು 2.4ರಲ್ಲಿ ಕಾದಿರುವ ಬಲ್ಬಿನ ಕಿವಿಗೆ ಬೀಳದೇ ಹೋಗಬಹುದು. ಸೇರಿಸುವಷ್ಟು ಹೊತ್ತು ರೂಟರಿನಲ್ಲಿ 5 ಗಿಗಾಹರ್ಟ್ಸ್ ಆಫ್ ಮಾಡಿಡಿ, ಇಲ್ಲವೇ 2.4ಕ್ಕೆ ಬೇರೆ ಹೆಸರು ಕೊಡಿ.

ನಿಧಾನವಾಗಿ ಮಿಟುಕುವ ಬಲ್ಬಿನದು ಬೇರೆ ದಾರಿ. ಅದು ತಾನೇ ಒಂದು ಪುಟ್ಟ ವೈಫೈ ಹಚ್ಚಿರುತ್ತದೆ. ಫೋನಿನಿಂದ ಅದಕ್ಕೆ ಸೇರಿ ಮನೆಯ ಪಾಸ್‌ವರ್ಡ್ ಕೊಡಬೇಕು. ಇಎಸ್‌ಪಿ ಚಿಪ್‌ಗಳಲ್ಲಿ ಪಾಸ್‌ವರ್ಡ್ ತುಂಬುವ ಪುಟದ ವಿಳಾಸ ರೂಢಿಯಾಗಿ 192.168.4.1. ಆ ವೈಫೈನಲ್ಲಿ ಇಂಟರ್ನೆಟ್ ಇರುವುದಿಲ್ಲ. ಅದನ್ನು ಕಂಡ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹಾರುತ್ತದೆ, ಆ್ಯಪ್ ಸುಮ್ಮನೆ ತಿರುಗುತ್ತಾ ಕೂರುತ್ತದೆ. ಮೊಬೈಲ್ ಡೇಟಾ, ವಿಪಿಎನ್ (ಫೋನಿನ ಮಾತನ್ನು ಬೇರೆ ಸರ್ವರ್ ಮೂಲಕ ಸುತ್ತಿಸುವ ಸೇವೆ) ಎರಡನ್ನೂ ಮೊದಲೇ ಆಫ್ ಮಾಡಿ. ‘ಇಂಟರ್ನೆಟ್ ಇಲ್ಲ, ಇಲ್ಲೇ ಇರಬೇಕೇ’ ಎಂದು ಕೇಳಿದರೆ ಹೌದು ಎನ್ನಿ. ಆಂಡ್ರಾಯ್ಡ್‌ನಲ್ಲಿ ಲೊಕೇಶನ್ ಅನುಮತಿ, ಐಫೋನಿನಲ್ಲಿ ಲೋಕಲ್ ನೆಟ್‌ವರ್ಕ್ ಅನುಮತಿ ಕೊಡದಿದ್ದರೂ ಹುಡುಕಾಟ ಬರಿಗೈಯಲ್ಲಿ ಮುಗಿಯಬಹುದು.

ಇನ್ನು ಭದ್ರತೆ. ವೈಫೈಯನ್ನು ಪಾಸ್‌ವರ್ಡಿನಿಂದ ಕಾಯುವ ಬಗೆಗಳಲ್ಲಿ ಡಬ್ಲ್ಯುಪಿಎ2 ಹಳೆಯದು, ಡಬ್ಲ್ಯುಪಿಎ3 ಬಂದದ್ದು 2018ರಲ್ಲಿ. ರೂಟರ್ ಅದೊಂದನ್ನೇ ಒಪ್ಪುವಂತಿದ್ದರೆ ಹಳೆಯ ಸಾಧನ ಒಳಗೆ ಬರಲಾರದು. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಎರಡೂ ಸೇರಿದ ಆಯ್ಕೆ ಇಟ್ಟುನೋಡಿ. ಅದಕ್ಕೂ ಕೆಲವು ಮುಗ್ಗರಿಸುತ್ತವೆ. ಆಗ ಎಇಎಸ್ ಎಂಬ ಗೂಢಲಿಪಿ ಇರುವ ಡಬ್ಲ್ಯುಪಿಎ2 ಸಾಕು. ಯಾವ ಬಲ್ಬಿಗಾಗಿಯೂ ಅದಕ್ಕಿಂತ ಕೆಳಗೆ ಇಳಿಯಬೇಡಿ.

ಹೆಸರಿನ ವಿಷಯಕ್ಕೆ ಬಂದರೆ, ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಒತ್ತು ಕೊಂಬುಗಳಿಗೂ ಸೇರಿ. ‘ನಮ್ಮ ಮನೆ’ ಎಂದಿಟ್ಟರೆ 22 ಬೈಟ್ ಹೋಯಿತು. ಫೋನು ಓದುತ್ತದೆ, ಅಗ್ಗದ ಕ್ಯಾಮೆರಾದ ಆ್ಯಪ್ ಎಡವಬಹುದು. ಕನ್ನಡದ ಹೆಸರು ಇಡುವ ಆಸೆ ನನಗೂ ಅರ್ಥವಾಗುತ್ತದೆ, ಆದರೂ ಈ ಸಾಧನಗಳಿರುವ ನೆಟ್‌ವರ್ಕಿಗೆ ಸಾದಾ ಇಂಗ್ಲಿಷ್ ಅಕ್ಷರ, ಅಂಕಿಗಳೇ ಕ್ಷೇಮ. ಪಾಸ್‌ವರ್ಡ್ 8ರಿಂದ 63 ಅಕ್ಷರ ಇರಬಹುದು. ಕೀಬೋರ್ಡಿನ ಸಲಹೆ ಒತ್ತಿ ತುಂಬಿದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಸೇರಿಕೊಳ್ಳಬಹುದು. ‘ಪಾಸ್‌ವರ್ಡ್ ತಪ್ಪು’ ಎಂದರೆ ಮೊದಲು ಅದನ್ನು ಅಳಿಸಿ ನೋಡಿ.

ಒಂದು ಬ್ಯಾಂಡಿನೊಳಗಿನ ಸಣ್ಣ ಪಟ್ಟಿಗಳೇ ಚಾನೆಲ್‌ಗಳು. ರೂಟರಿನ 2.4 ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿ. ‘ಆಟೋ’ ಎಂದು ಬಿಟ್ಟರೆ ಕೆಲವು ರೂಟರ್‌ಗಳು 12 ಅಥವಾ 13ಕ್ಕೆ ಹೋಗುತ್ತವೆ, 11ರವರೆಗೆ ಮಾತ್ರ ನೋಡಬಲ್ಲ ಸಾಧನಕ್ಕೆ ನಿಮ್ಮ ವೈಫೈ ಮಾಯ! ಸಿಗ್ನಲ್ಲಿನ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ; ಅದು ಮೈನಸ್ 67 ಆಸುಪಾಸು ಇದ್ದರೆ ಚೆನ್ನ. ಮೈನಸ್ 80ರ ಕೆಳಗೆ ಭರವಸೆ ಬೇಡ. ಲೋಹದ ಕವಚದೊಳಗೆ ಬಲ್ಬು ಹಾಕಿದರೆ ರೂಟರ್ ಪಕ್ಕದಲ್ಲಿದ್ದರೂ ಸಿಗ್ನಲ್ ಕುಸಿಯುತ್ತದೆ.

ಪ್ರಿಂಟರಿನ ಗೋಳು ಬೇರೆ. ಸೇರುತ್ತದೆ, ಮುದ್ರಿಸುತ್ತದೆ, ವಾರ ಕಳೆದ ಮೇಲೆ ‘ಆಫ್‌ಲೈನ್’ ಎನ್ನುತ್ತದೆ. ರೂಟರ್ ಅದಕ್ಕೆ ಹೊಸ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಸಾಧನದ ಮನೆ ನಂಬರು) ಕೊಟ್ಟಿರುತ್ತದೆ, ಕಂಪ್ಯೂಟರ್ ಮಾತ್ರ ಹಳೆಯ ಬಾಗಿಲನ್ನೇ ತಟ್ಟುತ್ತಿರುತ್ತದೆ. ರೂಟರಿನಲ್ಲಿ ಈ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸಕ್ಕೆ (ಸಾಧನದ ಗುರುತಿನ ಸಂಖ್ಯೆಗೆ) ಒಂದು ಐಪಿಯನ್ನು ಕಾಯ್ದಿರಿಸಿ. ಪ್ರಿಂಟರನ್ನು ಗೆಸ್ಟ್ ನೆಟ್‌ವರ್ಕಿಗೆ (ರೂಟರ್ ಅತಿಥಿಗಳಿಗೆಂದು ಕೊಡುವ ಬೇರೆ ವೈಫೈಗೆ) ಹಾಕಬೇಡಿ; ಅಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ಸಾಮಾನ್ಯವಾಗಿ ಗೋಡೆ ಇರುತ್ತದೆ. ಇಂಟರ್ನೆಟ್ ಮೂಲಕವೇ ಮಾತಾಡುವ ಬಲ್ಬು, ಪ್ಲಗ್ಗುಗಳಿಗೆ ಅದೇ ಗೋಡೆ ಒಳ್ಳೆಯದು.

ಮುಂದೊಂದು ದಿನ ರೂಟರ್ ಬದಲಿಸಿದಾಗ ಹೊಸದಕ್ಕೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್, ಹಳೆಯ ಭದ್ರತಾ ಬಗೆಯನ್ನೇ ಕೊಡಿ. ದೊಡ್ಡ ಚಿಕ್ಕಕ್ಷರದ ವ್ಯತ್ಯಾಸವೂ ಇರಕೂಡದು. ಹಾಗಿದ್ದರೆ ಏಣಿ ಹತ್ತಿ ಒಂದೊಂದೇ ಬಲ್ಬನ್ನು ರೀಸೆಟ್ ಮಾಡುವ ಪ್ರಮೇಯ ಬರುವುದಿಲ್ಲ.