ಹೌಸಿ ಟಿಕೆಟ್ಟಿನ ದುಡ್ಡು ಎಲ್ಲಿಗೆ ಹೋಗುತ್ತದೆ?

ನಮಸ್ಕಾರ. ಇವತ್ತು ಒಂದು ನೋಟ್‌ಬುಕ್ಕಿನ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ.

ಇನ್ನೂರು ಪೇಜಿನ ಗೆರೆ ನೋಟ್‌ಬುಕ್ಕು. ಹಳೇ ಕ್ಯಾಲೆಂಡರ್ ಹಾಳೆಯ ಬೈಂಡ್ ಹಾಕಿದೆ. ಒಳಗೆ ಸಾಲಾಗಿ ಹೆಸರುಗಳು. ಪ್ರತಿ ಹೆಸರಿನ ಮುಂದೆ ಅಕ್ಕಿ ಎಷ್ಟು ಕೆಜಿ, ಎಣ್ಣೆ ಎಷ್ಟು ಪ್ಯಾಕೆಟ್, ಯಾರಿಗೆ ಸಕ್ಕರೆ ಹಾಕಬಾರದು, ಯಾರಿಗೆ ಬಿಪಿ ಮಾತ್ರೆ ತಂದುಕೊಡಬೇಕು ಅಂತ ಬರೆದಿದೆ. ಕೆಲವು ಹೆಸರುಗಳ ಪಕ್ಕ ಪೆನ್ಸಿಲಿನಲ್ಲಿ ಸಣ್ಣದೊಂದು ಶಿಲುಬೆ. ಅವರು ತೀರಿಹೋದವರು. ಹೆಸರನ್ನು ಯಾರೂ ಹೊಡೆದುಹಾಕಿಲ್ಲ.

ಈ ನೋಟ್‌ಬುಕ್ಕು ನಮ್ಮ ಮಿಸ್ ಹತ್ತಿರ ಇದೆ. ಬೆಂಗಳೂರಿನ ಕಾಕ್ಸ್ ಟೌನಿನಲ್ಲಿ ಅವರ ಮನೆ. ನನಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಈಗ ಎಂಬತ್ತರ ಹತ್ತಿರ ಬಂದಿದ್ದಾರೆ. ನನಗೆ ಎಷ್ಟೇ ವಯಸ್ಸಾದರೂ ಅವರು ನನ್ನನ್ನು ಕರೆಯುವುದು ‘ಚೈಲ್ಡ್’ ಅಂತಲೇ. ಗೇಟಿನ ಹತ್ತಿರ ಕಂಡ ಕೂಡಲೇ ‘ವಾಟ್ ಮೆನ್, ಊಟ ಆಯ್ತಾ?’ ಅಂತ ಕೇಳುತ್ತಾರೆ. ಗಂಡಸಿಗೂ ಮೆನ್, ಹೆಂಗಸಿಗೂ ಮೆನ್. ಆ ಒಂದು ಪದದಲ್ಲೇ ಇವರು ಆಂಗ್ಲೋ ಇಂಡಿಯನ್ ಅಂತ ದಂಡಿನ ಕಡೆ, ಅಂದರೆ ಹಳೇ ಕಂಟೋನ್ಮೆಂಟಿನ ಕಡೆ, ಬೆಳೆದವರಿಗೆ ಗೊತ್ತಾಗಿಬಿಡುತ್ತದೆ. ಅಪ್ಪನ ಕಡೆಯಿಂದ ಯುರೋಪಿನ ಮೂಲ ಇದ್ದು, ತಲೆಮಾರುಗಳಿಂದ ಇಲ್ಲೇ ಬೇರೂರಿದ ಸಮುದಾಯ ಇದು.

ಡಿಸೆಂಬರ್ ಬಂದರೆ ಸಾಕು, ಆಂಗ್ಲೋ ಇಂಡಿಯನ್ನರ ಬಗ್ಗೆ ವಿಡಿಯೋಗಳು ಶುರುವಾಗುತ್ತವೆ. ಪ್ಲಮ್ ಕೇಕು, ದ್ರಾಕ್ಷಿ ವೈನು, ರೋಸ್ ಕುಕೀಸು, ಹಳೇ ಬಂಗಲೆ, ಹೂವಿನ ಫ್ರಾಕು, ಜೈವ್ ಡಾನ್ಸು. ಎಲ್ಲ ನಿಜ, ಎಲ್ಲ ಚೆಂದ. ನನಗೂ ಇಷ್ಟ. ಆದರೆ ಅಷ್ಟಕ್ಕೇ ನಿಂತುಬಿಡುತ್ತೇವೆ ಅನ್ನುವುದು ನನ್ನ ಸಂಕಟ. ಖುಷಿಯಾಗಿ ಕುಣಿಯುವ ಜನ, ಪಾರ್ಟಿ ಮಾಡುವ ಜನ ಅಂತ ಒಂದು ಚಿತ್ರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆ ಡಾನ್ಸಿನ ಟಿಕೆಟ್ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳುವುದಿಲ್ಲ.

ಅದು ಆ ನೋಟ್‌ಬುಕ್ಕಿಗೆ ಹೋಗುತ್ತದೆ.

ಚರ್ಚಿನ ಪಕ್ಕದ ಹಾಲ್‌ನಲ್ಲಿ ಶನಿವಾರ ಸಂಜೆ ಹೌಸಿ ನಡೆಯುತ್ತದೆ. ನಾವು ತಂಬೋಲ ಅಂತೀವಲ್ಲ, ಅದೇ. ಒಬ್ಬರು ಮೈಕ್ ಹಿಡಿದು ನಂಬರ್ ಕೂಗುತ್ತಾರೆ. ಟಿಕೆಟ್ ಮಾರಿದ ದುಡ್ಡಿನಲ್ಲಿ ಒಂದು ಭಾಗ ಗೆದ್ದವರಿಗೆ, ಉಳಿದದ್ದು ಬಿಸ್ಕೆಟ್ ಡಬ್ಬಿಗೆ. ಮೇ ತಿಂಗಳಲ್ಲಿ ಮೇ ಕ್ವೀನ್ ಬಾಲ್ ಅನ್ನುವ ಡಾನ್ಸು. ಅಲ್ಲಿ ಲಾಟರಿ ಥರದ ರಾಫಲ್ ಚೀಟಿ. ಕ್ರಿಸ್‌ಮಸ್‌ಗೆ ಮುಂಚೆ ಊಟದ ಕೂಪನ್ ಮಾರುತ್ತಾರೆ. ಹಳದಿ ಬಣ್ಣದ ತೆಂಗಿನಕಾಯಿ ಹಾಲಿನ ಅನ್ನ, ಖೈಮಾ ಉಂಡೆಯ ಬಾಲ್ ಕರಿ, ಈರುಳ್ಳಿ ಒಣಮೆಣಸಿನಕಾಯಿ ರುಬ್ಬಿ ವಿನೆಗರ್ ಹಾಕಿದ ಡೆವಿಲ್ ಚಟ್ನಿ. ಅಡುಗೆಗೆ ಕೂಲಿ ಆಳಿಲ್ಲ. ಐದಾರು ಮನೆಯವರು ಬೆಳಗಿನ ಜಾವಕ್ಕೇ ಎದ್ದು ಮಾಡುತ್ತಾರೆ. ಮಾರಿ ಬಂದ ದುಡ್ಡು ಮತ್ತೆ ಅದೇ ಡಬ್ಬಿಗೆ.

ತಿಂಗಳ ಮೊದಲ ವಾರ ಡಬ್ಬಿ ತೆಗೆಯುತ್ತಾರೆ. ಅಕ್ಕಿ, ಬೇಳೆ, ಎಣ್ಣೆ, ಟೀ ಪುಡಿ, ಸೋಪು. ಚೀಲಕ್ಕೆ ಹಾಕುವುದೂ ಇವರೇ. ಸ್ಕೂಟರಿನಲ್ಲಿ ಮನೆ ಮನೆಗೆ ಮುಟ್ಟಿಸುವುದೂ ಇವರ ಹುಡುಗರೇ. ಲಿಂಗರಾಜಪುರದ ಓಣಿಯ ಕೊನೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಲ್ಲೊಬ್ಬರು ಅಜ್ಜಿ. ಮೈಮೇಲೆ ಇಸ್ತ್ರಿ ಮಾಡಿದ ಫ್ರಾಕು, ಬಾಗಿಲಿಗೆ ಲೇಸಿನ ಪರದೆ. ಹೊರಗಿನಿಂದ ನೋಡಿದರೆ ಇವರಿಗೇನು ಕಷ್ಟ ಅನ್ನಿಸುತ್ತದೆ. ಒಳಗೆ ಗ್ಯಾಸ್ ಮುಗಿದು ನಾಲ್ಕು ದಿನ ಆಗಿರುತ್ತದೆ. ಕೈ ಚಾಚುವುದು ಅವರಿಗೆ ಬರುವುದಿಲ್ಲ. ಅದಕ್ಕೇ ಮಿಸ್ ಕೇಳುವುದೂ ಇಲ್ಲ, ಚೀಲ ಇಟ್ಟು, ‘ಹೌಸಿಯಲ್ಲಿ ನಿಮಗೆ ಪ್ರೈಜ್ ಬಂತು’ ಅಂತ ಹೇಳಿ ಬರುತ್ತಾರೆ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಅಜ್ಜಿ ಆ ವಾರ ಟಿಕೆಟ್ಟೇ ತಗೊಂಡಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮಣ್ಣಿನ ಕೆಲಸವೂ ಇದೆ. ಯಾರೂ ಇಲ್ಲದ ಒಬ್ಬರು ತೀರಿಹೋದರೆ ಪೆಟ್ಟಿಗೆ ಬೇಕು, ಗುಂಡಿ ತೋಡಿಸಬೇಕು, ಕಲ್ಪಳ್ಳಿ ಸ್ಮಶಾನಕ್ಕೆ ಗಾಡಿ ಬೇಕು. ಇನ್ನು ಕೆಲವರ ಮಗ ಪರ್ತ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುತ್ತಾನೆ. ಫೋನಿನಲ್ಲಿ ಅಳುತ್ತಾನೆ, ಬರಲು ಆಗುವುದಿಲ್ಲ. ಇಲ್ಲಿ ಪಕ್ಕದ ಮನೆಯವರು ಹೂ ತರುತ್ತಾರೆ, ಹಾಡು ಹೇಳುತ್ತಾರೆ. ಒಬ್ಬರನ್ನೂ ಅನಾಥವಾಗಿ ಕಳಿಸಿಲ್ಲ ಅನ್ನುವುದು ಮಿಸ್‌ಗೆ ದೊಡ್ಡ ಮಾತು. ಬೇರೆ ಯಾವುದಕ್ಕೂ ಅವರು ಹೆಮ್ಮೆ ಪಟ್ಟಿದ್ದು ನಾನು ನೋಡಿಲ್ಲ.

ಇಷ್ಟು ಜನ ವಯಸ್ಸಾದವರು ಹೀಗೆ ಒಂಟಿಯಾಗಿ ಯಾಕೆ ಉಳಿದರು ಅಂತ ಕೇಳಬಹುದು. ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಬೆಂಗಳೂರಿಗೆ ದಂಡು ಬಂದದ್ದು 1809ರಲ್ಲಿ. ಈ ಕಡೆ ಪೇಟೆ, ಆ ಕಡೆ ದಂಡು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನ ಸ್ಟೇಷನ್ನಿಗೆ ರೈಲು ಬಂತು. ಆ ರೈಲಿನ ಹಿಂದೆಯೇ ಡ್ರೈವರ್, ಫೈರ್‌ಮನ್, ಗಾರ್ಡ್ ಆಗಿ ಆಂಗ್ಲೋ ಇಂಡಿಯನ್ ಮನೆತನಗಳು ಬೆಳೆದವು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲೂ ಇದೇ ಕತೆ, ಕೆಜಿಎಫ್ ಗಣಿಯಲ್ಲೂ ಇವರು ಇದ್ದರು. ತಂತಿ ಕಚೇರಿ, ಕಸ್ಟಮ್ಸು, ಆಸ್ಪತ್ರೆಯ ನರ್ಸು, ಶಾಲೆಯ ಮಿಸ್. ವೈಟ್‌ಫೀಲ್ಡ್ ಅಂತ ನಾವು ದಿನಾ ಹೇಳುತ್ತೇವಲ್ಲ, ಆ ಊರೂ ಇವರದ್ದೇ. ಡಿ. ಎಸ್. ವೈಟ್ ಅನ್ನುವವರ ಆಂಗ್ಲೋ ಇಂಡಿಯನ್ ಸಂಘಕ್ಕೆ, ಇವರು ಬೇಸಾಯ ಮಾಡಿ ಬದುಕಲಿ ಅಂತ, ಮೈಸೂರಿನ ಹತ್ತನೇ ಚಾಮರಾಜೇಂದ್ರ ಒಡೆಯರು 1882ರಲ್ಲಿ ಸುಮಾರು 3,900 ಎಕರೆ ಜಾಗ ಕೊಟ್ಟರು. ಈಗ ಅಲ್ಲಿ ಟೆಕ್ ಪಾರ್ಕುಗಳು. ಇನ್ನರ್ ಸರ್ಕಲ್ ಅಂತ ಒಂದು ದುಂಡನೆಯ ಬೀದಿ ಮಾತ್ರ ಹಳೆಯದನ್ನು ನೆನಪಿಸುತ್ತದೆ.

ಸ್ವಾತಂತ್ರ್ಯ ಬಂದಾಗ ಇವರಿಗೆ ಭಯ ಇತ್ತು. ಇಂಗ್ಲಿಷರು ಇವರನ್ನು ತಮ್ಮವರು ಅಂದಿರಲಿಲ್ಲ. ನಾವೂ ಅಂದಿರಲಿಲ್ಲ. ಸಮುದಾಯದ ನಾಯಕ ಫ್ರಾಂಕ್ ಆಂಟನಿ ಸಂವಿಧಾನ ಸಭೆಯಲ್ಲಿ ಇವರ ಪರವಾಗಿ ಕೂತು ಮಾತಾಡಿದರು. ರೈಲ್ವೆ, ಕಸ್ಟಮ್ಸ್, ಅಂಚೆ ತಂತಿ ಇಲಾಖೆಗಳ ಕೆಲಸದಲ್ಲಿ ಇವರಿಗಿದ್ದ ಪಾಲು ಒಂದೇ ಸಲ ಹೋಗದ ಹಾಗೆ 336ನೇ ವಿಧಿ ಬಂತು. ಎರಡೆರಡು ವರ್ಷಕ್ಕೆ ಹತ್ತು ಪರ್ಸೆಂಟ್ ಕಡಿಮೆ ಮಾಡುತ್ತಾ, ಹತ್ತು ವರ್ಷಕ್ಕೆ ಪೂರ್ತಿ ನಿಲ್ಲಿಸುವುದು ಅಂತ ಏರ್ಪಾಡು. 1960ಕ್ಕೆ ಅದು ಮುಗಿಯಿತು. ಅಪ್ಪ ಗಾರ್ಡ್ ಆಗಿದ್ದರೆ ಮಗನೂ ಗಾರ್ಡ್ ಅಂತ ಬದುಕಿದ ಮನೆಗಳಿಗೆ ಮುಂದೇನು ಅನ್ನುವ ಪ್ರಶ್ನೆ ಬಂತು. ಕೈಲಾದವರು ಇಂಗ್ಲೆಂಡಿಗೆ, ಕೆನಡಾಕ್ಕೆ, ಆಸ್ಟ್ರೇಲಿಯಾಕ್ಕೆ ಹೊರಟರು. ಹಡಗಿನ ಟಿಕೆಟ್ಟಿಗೆ ದುಡ್ಡಿಲ್ಲದವರು ಉಳಿದರು. ಅಮ್ಮನನ್ನು ನೋಡಿಕೊಳ್ಳಬೇಕು ಅಂತ ಉಳಿದ ಹೆಣ್ಣುಮಕ್ಕಳೂ ಇದ್ದಾರೆ. ನಮ್ಮ ಮಿಸ್ ಹಾಗೆ ಉಳಿದವರು. ಮದುವೆಯಾಗಲಿಲ್ಲ. ಖಾಸಗಿ ಶಾಲೆಯ ಕೆಲಸ, ಪಿಂಚಣಿ ಇಲ್ಲ. ನಲವತ್ತು ವರ್ಷ ಊರಿನ ಮಕ್ಕಳಿಗೆಲ್ಲ ಇಂಗ್ಲಿಷ್ ಕಲಿಸಿದರು. ಇವತ್ತು ಬೆಂಗಳೂರಿನಲ್ಲಿ ಇಂಗ್ಲಿಷ್ ಮಾತಾಡಿ ಒಳ್ಳೆ ಸಂಬಳ ತಗೊಳ್ಳುವವರಲ್ಲಿ ಎಷ್ಟು ಜನ ಇಂಥ ಒಬ್ಬ ಮಿಸ್ ಹತ್ತಿರ ಎಬಿಸಿಡಿ ಕಲಿತಿಲ್ಲ ಹೇಳಿ?

ಈಗ ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯಕ್ಕೆ ಬರುತ್ತೇನೆ.

ಮೊದಲು ಲೋಕಸಭೆಗೆ ಇಬ್ಬರು ಆಂಗ್ಲೋ ಇಂಡಿಯನ್ನರನ್ನು ಚುನಾವಣೆ ಇಲ್ಲದೆ ನಾಮನಿರ್ದೇಶನ ಮಾಡಬಹುದಿತ್ತು. ರಾಜ್ಯದ ವಿಧಾನಸಭೆಗೆ ಒಬ್ಬರನ್ನು. ನಮ್ಮ ವಿಧಾನಸಭೆಯಲ್ಲಿ 224 ಜನ ಗೆದ್ದು ಬಂದವರು, 225ನೆಯವರು ಇವರಾಗಿದ್ದರು. 2019ರ ಡಿಸೆಂಬರಿನಲ್ಲಿ ಸಂವಿಧಾನದ 104ನೇ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. 2020ರ ಜನವರಿ 25ರಿಂದ ಈ ನಾಮನಿರ್ದೇಶನ ನಿಂತುಹೋಯಿತು. ಆಗ ಸಂಸತ್ತಿನಲ್ಲಿ ಸಚಿವರು ಒಂದು ಲೆಕ್ಕ ಹೇಳಿದರು. 2011ರ ಜನಗಣತಿ ಪ್ರಕಾರ ಇಡೀ ದೇಶದಲ್ಲಿ ಇರುವ ಆಂಗ್ಲೋ ಇಂಡಿಯನ್ನರು 296 ಜನ ಅಂತ.

ಇನ್ನೂರ ತೊಂಬತ್ತಾರು!

ಒಂದು ಕ್ರಿಸ್‌ಮಸ್ ಊಟದಲ್ಲಿ, ಒಂದೇ ಹಾಲ್‌ನಲ್ಲಿ, ಅದರ ಅರ್ಧಕ್ಕಿಂತ ಜಾಸ್ತಿ ಜನರಿಗೆ ನಾನೇ ತಟ್ಟೆ ಕೊಟ್ಟಿದ್ದೇನೆ. ಸಮುದಾಯದ ಸಂಘಗಳು ಲಕ್ಷಕ್ಕೂ ಜಾಸ್ತಿ ಇದ್ದೇವೆ ಅನ್ನುತ್ತವೆ. ಜನಗಣತಿಯವರು ಬಂದು ಧರ್ಮ ಕೇಳಿದರೆ ಇವರು ಕ್ರೈಸ್ತರು ಅಂತಾರೆ. ತಾಯ್ನುಡಿ ಕೇಳಿದರೆ ಇಂಗ್ಲಿಷ್ ಅಂತಾರೆ. ಅದೇ 2011ರಲ್ಲಿ ಇಂಗ್ಲಿಷ್ ತಾಯ್ನುಡಿ ಅಂತ ಬರೆಸಿದವರು ಸುಮಾರು 2.6 ಲಕ್ಷ ಜನ. ಅವರೆಲ್ಲ ಆಂಗ್ಲೋ ಇಂಡಿಯನ್ನರು ಅಂತ ನಾನು ಹೇಳುತ್ತಿಲ್ಲ. ಆದರೆ ಅಷ್ಟು ಜನರಲ್ಲಿ ಇವರು 296 ಅಂದರೆ ನಂಬುವುದು ಹೇಗೆ?

ನಾಮನಿರ್ದೇಶನ ಇರಬೇಕೋ ಬೇಡವೋ, ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಓಟಿಲ್ಲದೆ ಸದನದಲ್ಲಿ ಕೂರುವುದು ಸರಿಯಲ್ಲ ಅನ್ನುವವರ ಮಾತಿನಲ್ಲೂ ನ್ಯಾಯ ಇದೆ. ನನ್ನ ತಕರಾರು ಬೇರೆ. ಯಾವ ಕ್ಷೇತ್ರದಲ್ಲೂ ಇವರ ಓಟು ಲೆಕ್ಕಕ್ಕೆ ಬರುವಷ್ಟು ಇಲ್ಲ. ಹಾಗಾಗಿ ಯಾವ ಅಭ್ಯರ್ಥಿಯೂ ಇವರ ಬಾಗಿಲು ತಟ್ಟುವುದಿಲ್ಲ. ಇದ್ದ ಒಂದು ಕುರ್ಚಿ ತೆಗೆಯುವ ಮೊದಲು ಇವರನ್ನು ಸರಿಯಾಗಿ ಎಣಿಸಬೇಕಿತ್ತು. ಅದನ್ನೂ ಮಾಡಲಿಲ್ಲ. 2023ರಲ್ಲಿ ಹೊಸ ವಿಧಾನಸಭೆ ಬಂತು. 225ನೇ ಕುರ್ಚಿ ಇರಲಿಲ್ಲ. ನಮ್ಮಲ್ಲಿ ಎಷ್ಟು ಜನ ಅದನ್ನು ಗಮನಿಸಿದೆವು?

ಇನ್ನೊಂದು ಮಾತು ನನಗೆ ಆಗಾಗ ಕೇಳಿಬರುತ್ತದೆ. ‘ಇಷ್ಟು ತಲೆಮಾರು ಇಲ್ಲೇ ಇದ್ದು ಕನ್ನಡ ಕಲಿಯಲಿಲ್ಲವಲ್ಲ’ ಅಂತ. ಕನ್ನಡದ ಮೇಲೆ ನನಗೂ ಪ್ರೀತಿ ಇದೆ, ಈ ಮಾತಿನ ಹಿಂದಿನ ನೋವು ಅರ್ಥ ಆಗುತ್ತದೆ. ಆದರೆ ದಂಡಿನ ಬೀದಿಯಲ್ಲಿ ಅವತ್ತು ಓಡಾಡುತ್ತಿದ್ದ ಮಾತು ತಮಿಳು, ಉರ್ದು, ಇಂಗ್ಲಿಷ್. ಮಿಸ್‌ಗೆ ತರಕಾರಿಯವರ ಹತ್ತಿರ ಚೌಕಾಸಿ ಮಾಡುವಷ್ಟು ತಮಿಳು ಬರುತ್ತದೆ, ಕನ್ನಡ ಸ್ವಲ್ಪ ಸ್ವಲ್ಪ. ಅವರ ಅಣ್ಣನ ಮೊಮ್ಮಕ್ಕಳು ಕನ್ನಡವನ್ನು ಸಲೀಸಾಗಿ ಮಾತಾಡುತ್ತಾರೆ. ಭಾರತಕ್ಕೆ ಆಡಿದ ಮೊದಲ ಆಂಗ್ಲೋ ಇಂಡಿಯನ್ ಕ್ರಿಕೆಟಿಗ ನಮ್ಮ ರೋಜರ್ ಬಿನ್ನಿ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್ ತೆಗೆದರು, ಎಲ್ಲರಿಗಿಂತ ಜಾಸ್ತಿ. ರಣಜಿಯಲ್ಲಿ ಅವರು ಕರ್ನಾಟಕಕ್ಕೆ ಆಡಿದಾಗ ನಾವು ಭಾಷೆಯ ಲೆಕ್ಕ ಹಾಕದೆ ‘ನಮ್ಮವರು’ ಅಂದೆವಲ್ಲ, ಲಿಂಗರಾಜಪುರದ ಅಜ್ಜಿಗೂ ಆ ಮಾತು ಸಿಗಬೇಕು.

ಇವರ ಪೆಪ್ಪರ್ ವಾಟರ್ ಕುಡಿದು ನೋಡಿ. ಹುಣಸೆಹಣ್ಣು, ಮೆಣಸು, ಜೀರಿಗೆ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ. ನಮ್ಮಮ್ಮ ಮಾಡುವ ಮೆಣಸಿನ ಸಾರೇ. ನನಗೆ ಜ್ವರ ಬಂದಾಗ ಎರಡೂ ಮನೆಯಿಂದ ಒಂದೇ ಸಾರು ಬರುತ್ತಿತ್ತು.

ಹೋದ ವರ್ಷದ ಒಂದು ವಿಷಯ ಹೇಳುತ್ತೇನೆ. ಮಿಸ್‌ಗೆ ವೃದ್ಧಾಪ್ಯ ಪಿಂಚಣಿ ಬರಬಹುದು ಅಂತ ನನಗೆ ಹೊಳೆದದ್ದೇ ತಡವಾಗಿ. ಇಷ್ಟು ವರ್ಷ ನನಗೇಕೆ ತೋಚಲಿಲ್ಲ ಅಂತ ಈಗಲೂ ಬೇಜಾರಿದೆ. ಅವರು ಹಿಂದೊಮ್ಮೆ ಒಬ್ಬರೇ ಹೋಗಿ ಕೇಳಿದ್ದರಂತೆ. ಕೌಂಟರಿನಲ್ಲಿದ್ದವರು ಅವರ ಫ್ರಾಕು ನೋಡಿ, ಇಂಗ್ಲಿಷ್ ಕೇಳಿ, ‘ನಿಮ್ಮಂಥವರಿಗಲ್ಲ ಇದು’ ಅಂದರಂತೆ. ಫಾರ್ಮ್ ಪೂರ್ತಿ ಕನ್ನಡದಲ್ಲಿತ್ತು. ಮಿಸ್ ಸುಮ್ನೆ ವಾಪಸ್ ಬಂದಿದ್ದರು. ಯಾರಿಗೂ ಹೇಳಿರಲಿಲ್ಲ.

ನಾನು ಜೊತೆಗೆ ಹೋದೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಆದಾಯ ಪ್ರಮಾಣಪತ್ರ ಎಲ್ಲ ಹೊಂದಿಸಿದೆ. ಅವರ ಊಟದ ಮೇಜಿನ ಮುಂದೆ ಕೂತು ಫಾರ್ಮ್ ತುಂಬಿದೆ. ನಾನು ಕನ್ನಡದಲ್ಲಿ ಬರೆಯುವುದನ್ನು ಅವರು ಕನ್ನಡಕ ಹಾಕಿಕೊಂಡು ನೋಡುತ್ತಿದ್ದರು. ‘ನಿನ್ನ ಹ್ಯಾಂಡ್‌ರೈಟಿಂಗ್ ಇನ್ನೂ ಕೆಟ್ಟದಾಗೇ ಇದೆ, ಚೈಲ್ಡ್’ ಅಂದರು. ಆಮೇಲೆ ಸಹಿ ಮಾಡುವಾಗ ಅವರ ಕೈ ನಡುಗಿತು. ಮೂರು ಸಲ ಅಲೆದ ಮೇಲೆ ಕೆಲಸ ಆಯಿತು.

ದಂಡಿನ ಕಡೆ ಇರುವ ಕನ್ನಡದವರಿಗೆ ನಾನು ಕೇಳುವುದು ಇಷ್ಟೇ. ನಿಮ್ಮ ಬೀದಿಯಲ್ಲೂ ಇಂಥವರು ಇರುತ್ತಾರೆ. ಡಿಸೆಂಬರ್ ತನಕ ಕಾಯಬೇಡಿ. ಹೌಸಿ ಇದ್ದ ದಿನ ಹೋಗಿ ಒಂದು ಟಿಕೆಟ್ ತಗೊಳ್ಳಿ. ಕನ್ನಡ ಓದಲು ಬರೆಯಲು ಬರುತ್ತದೆ ಅಂತ ಹೇಳಿ. ಅವರಿಗೆ ಅದು ಎಷ್ಟು ಕಡೆ ಬೇಕಾಗುತ್ತದೆ ಅನ್ನುವುದು ಅಲ್ಲಿ ಹೋದರೇ ಗೊತ್ತಾಗುವುದು.

ಮಿಸ್‌ಗೆ ಮೊದಲ ತಿಂಗಳ ಪಿಂಚಣಿ ಬಂದ ದಿನ ನಾನು ಹೋಗಿದ್ದೆ. ಟೀ ಕೊಟ್ಟರು. ನೋಟ್‌ಬುಕ್ಕು ತೆಗೆದು, ಒಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. ಎರಡು ಮನೆ ಆಚೆ ಇರುವ, ರೈಲ್ವೆ ಕ್ಯಾಂಟೀನಿನಲ್ಲಿ ದಿನಗೂಲಿ ಮಾಡಿಕೊಂಡಿದ್ದವರ ಹೆಂಡತಿ. ಗಂಡ ತೀರಿಹೋಗಿ ಆರು ವರ್ಷ. ‘ಇವಳಿಗೂ ಅದೇ ಫಾರ್ಮ್ ತಗೊಂಡು ಬಾ’ ಅಂದರು.

ಮೊನ್ನೆ ಸೋಮವಾರ ಮೂವರೂ ಹೋಗಿ ಕೊಟ್ಟು ಬಂದೆವು. ಇನ್ನೂ ಉತ್ತರ ಬಂದಿಲ್ಲ. ಮುಂದಿನ ವಾರ ಮತ್ತೆ ಹೋಗುತ್ತೇವೆ.